ನೊರೆಹಾಲಿನ ಆಸೆ

ನನ್ನ ಮಗಳಿಗೆ ನಾಲ್ಕು ವರ್ಷ. ಬರೆಯೋಕೆ ಬರುವ ಅಕ್ಷರ ಏಳೋ ಎಂಟೋ. ಆದರೆ ಸ್ಪೇಸರ್‌ಗೆ ಪಂಪ್ ಸಿಕ್ಕಿಸಿ, ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿದು, ಹತ್ತರವರೆಗೆ ಎಣಿಸುತ್ತಾ ಉಸಿರೆಳೆಯೋದು ಮಾತ್ರ ಅವಳಿಗೆ ಪಕ್ಕಾ ಗೊತ್ತು. ದಿನಾ ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ. ಅವಳ ಗೊಂಬೆಗೂ ದಿನಕ್ಕೆ ಎರಡು ಸಲ ಪಂಪ್ ಆಗುತ್ತೆ.

ಮೊದಲ ಸಲ ಡಾಕ್ಟರ್ 'ಅಸ್ತಮಾ' ಅಂದಾಗ ನನಗೆ ಸಿಟ್ಟು ಬಂದಿತ್ತು. ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲದ್ದು ಇವಳಿಗೆ ಹೇಗೆ ಬಂತು? ನಾನು ಬೆಳೆದದ್ದು ಹುನಗುಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಮ್ಮ ಮನೆಯ ತಲೆಬಾಗಿಲು ದಾಟಿದರೆ ಮೊದಲು ಸಿಗೋದು ದನ ಕಟ್ಟುವ ಜಾಗ. ಅಲ್ಲಿಂದ ಒಂದು ಮೆಟ್ಟಿಲು ಹತ್ತಿದರೆ ಪಡಸಾಲೆ. ಎರಡು ಎಮ್ಮೆ, ಒಂದು ಜೋಡಿ ಎತ್ತು ಮತ್ತು ಹತ್ತು ಜನ ಒಂದೇ ಸೂರಿನಡಿ ಮಲಗುತ್ತಿದ್ದೆವು. ಸಗಣಿ, ಹೊಟ್ಟು, ಕಣಕಿ ಎಲ್ಲದರ ನಡುವೆ ಹೊರಳಾಡಿ ಬೆಳೆದವರು ನಾವು. ನಮಗೆ ಉಬ್ಬಸ ಅಂದರೆ ಊರಿನ ಬೀಡಿ ಸೇದುವ ಮುದುಕರ ರೋಗ. ಮಗಳು ಹುಟ್ಟಿದ್ದು ಬೆಂಗಳೂರಿನಲ್ಲಿ. ಏಳನೇ ಮಹಡಿ, ವಾರಕ್ಕೆ ಎರಡು ಸಲ ಫಿನಾಯಿಲ್ ಹಾಕಿ ಒರೆಸುವ ನೆಲ, ಕಿಟಕಿ ತೆಗೆದರೆ ಮೆಟ್ರೋ ಕಾಮಗಾರಿಯ ಧೂಳು.

ಹೀಗಿರುವಾಗ ನಮ್ಮ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಒಂದು ಮೆಸೇಜ್ ಬಂತು. ಕಾಯಿಸದ ಹಸಿ ಹಾಲು ಕುಡಿದ ಮಕ್ಕಳಿಗೆ ಅಸ್ತಮಾ, ಅಲರ್ಜಿ ಬರೋದಿಲ್ಲವೆಂದು ಯುರೋಪಿನ ವಿಜ್ಞಾನಿಗಳು ಸಾಬೀತು ಮಾಡಿದ್ದಾರಂತೆ. ಕೆಳಗೆ ಗಾಜಿನ ಬಾಟಲಿಯಲ್ಲಿ ಮನೆಗೇ ತಂದುಕೊಡುವ ನಾಟಿ ಹಸುವಿನ ಹಾಲಿನ ಜಾಹೀರಾತು. ಇಂಥವನ್ನೆಲ್ಲ ನಾನು ಸಾಮಾನ್ಯವಾಗಿ ಓದದೆ ಅಳಿಸಿಬಿಡುವವನು. ಆದರೆ ಹಿಂದಿನ ರಾತ್ರಿ ಮೂರು ಗಂಟೆಗೆ ಎದ್ದು ಮಗಳ ಬೆನ್ನು ಸವರುತ್ತಾ ಕೂತವನಿಗೆ ಯಾವ ಮೆಸೇಜೂ ಸುಳ್ಳು ಅನಿಸೋದಿಲ್ಲ. ಆ ಸಂಶೋಧನೆ ನಿಜವಾಗಲೂ ಇದೆಯಾ ಅಂತ ಹುಡುಕಿದೆ. ಇತ್ತು!

ಅದೂ ಸಣ್ಣಪುಟ್ಟ ಜಾಗದಲ್ಲಲ್ಲ. 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಲೇಖನ. ಆಸ್ಟ್ರಿಯಾ, ಜರ್ಮನಿ, ಸ್ವಿಟ್ಜರ್‌ಲ್ಯಾಂಡಿನ ಹಳ್ಳಿಗಳ ಮಕ್ಕಳನ್ನು ಪರೀಕ್ಷಿಸಿ ಬರೆದದ್ದು. ದನದ ಕೊಟ್ಟಿಗೆಯ ಒಡನಾಟ ಮತ್ತು ಮನೆಯ ದನದ ಹಾಲು ಇದ್ದ ಮಕ್ಕಳ ಒಂದು ಗುಂಪಿನಲ್ಲಿ ಅಸ್ತಮಾ 100ಕ್ಕೆ 1, ಇನ್ನೊಂದು ಗುಂಪಿನಲ್ಲಿ 100ಕ್ಕೆ 11. ಆಮೇಲೆ 2011ರಲ್ಲಿ 'ಗೇಬ್ರಿಯೆಲಾ' ಅನ್ನುವ ಇನ್ನೊಂದು ದೊಡ್ಡ ಅಧ್ಯಯನ, 8,334 ಶಾಲಾ ಮಕ್ಕಳದ್ದು. ಹಸಿ ಹಾಲು ಕುಡಿದವರಲ್ಲಿ ಅಸ್ತಮಾ ಕಡಿಮೆ, ಮೂಗು ಸೋರುವ ಅಲರ್ಜಿ ಕಡಿಮೆ. ಅದೇ ದನದ ಹಾಲನ್ನು ಕಾಯಿಸಿ ಕುಡಿದವರಲ್ಲಿ ಆ ಲಾಭ ಕಾಣಲಿಲ್ಲ.

ನನಗೆ ಎಷ್ಟು ಖುಷಿಯಾಯಿತೆಂದರೆ, ಹೆಂಡತಿಯನ್ನು ಎಬ್ಬಿಸಿ ಲ್ಯಾಪ್‌ಟಾಪ್ ಮುಂದೆ ಹಿಡಿದೆ. ಅವಳು ಮೈಸೂರಿನವಳು, ಕೆಮಿಸ್ಟ್ರಿ ಓದಿದವಳು. ಕಣ್ಣು ಉಜ್ಜಿಕೊಂಡು ಐದು ನಿಮಿಷ ಓದಿದಳು.

"ಕೊನೇಲಿ ಏನು ಬರೆದಿದಾರೆ ನೋಡಿದ್ಯಾ? ಹಸಿ ಹಾಲಿನಲ್ಲಿ ರೋಗಾಣು ಇರಬಹುದು, ಅದಕ್ಕೇ ಇದನ್ನ ಕುಡೀರಿ ಅಂತ ಹೇಳಕ್ಕಾಗಲ್ಲ ಅಂತ ಅವರೇ ಬರೆದಿದಾರೆ."

"ಅದು ಕೇಸ್ ಬೀಳಬಾರದು ಅಂತ ಬರಿಯೋದು."

"ಹಾಗಾದ್ರೆ ನಿಂಗೆ ಬೇಕಾದ ಸಾಲು ಮಾತ್ರ ನಿಜ, ಉಳಿದದ್ದೆಲ್ಲ ಕೇಸಿನ ಭಯ" ಅಂದು ಮಗ್ಗಲು ಬದಲಿಸಿದಳು.

ಅಲ್ಲಿಗೆ ಬಿಡಬೇಕಿತ್ತು. ಬಿಡಲಿಲ್ಲ. ಸಂಕ್ರಾಂತಿಗೆ ಹೇಗೂ ಊರಿಗೆ ಹೋಗುವುದಿತ್ತು. ಹತ್ತು ದಿನ ರಜೆ. ಮನೆಯಲ್ಲಿ ಈಗಲೂ ಎಮ್ಮೆ ಇದೆ. ಹತ್ತು ದಿನ ನೊರೆಹಾಲು ಕುಡಿಸಿ ನೋಡೋಣ, ಏನು ಮಹಾ ಆಗುತ್ತೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಇನ್ನೊಂದು ಕೆಲಸವನ್ನೂ ಮಾಡಿದೆ. ಅದನ್ನು ಇಲ್ಲಿ ಬರೆಯಲು ಈಗಲೂ ಕೈ ತಡೆಯುತ್ತದೆ. ರಾತ್ರಿಯ ಪಂಪ್ ಹಾಕುವ ಪಾಳಿ ನನ್ನದು. ಊರಿಗೆ ಹೊರಡುವ ಹತ್ತು ದಿನ ಮೊದಲೇ ಅದನ್ನು ನಿಲ್ಲಿಸಿಬಿಟ್ಟೆ. 'ಪಂಪ್ ಹಚ್ಚಿದ್ರ ಅದ ರೂಢಿ ಆಗ್ತೈತಿ' ಅಂತ ಫೋನಿನಲ್ಲಿ ಅಪ್ಪ ಹೇಳುತ್ತಿದ್ದದ್ದು ತಲೆಯಲ್ಲಿ ಕೂತಿತ್ತು. ಮಗಳು ಆರಾಮಾಗೇ ಇದ್ದಳು. ಆರಾಮಾಗಿರೋಳಿಗೆ ದಿನಾ ಸ್ಟೀರಾಯ್ಡ್ ಯಾಕೆ ಅನಿಸಿತ್ತು. ಊರಿಗೆ ಬಂದ ಮೇಲೆ 'ಬೆಳಗಿನದೂ ನಾನೇ ನೋಡ್ಕೋತೀನಿ' ಅಂತ ಹೆಂಡತಿಗೆ ಹೇಳಿ ಅದನ್ನೂ ಬಿಡಿಸಿದೆ. ಅವಳಿಗೆ ಗೊತ್ತಿರಲಿಲ್ಲ.

*

ಬಾಗಲಕೋಟೆಯಲ್ಲಿ ಇಳಿದು ನವನಗರದಲ್ಲಿರುವ ಅತ್ತೆಯ ಮನೆಯಲ್ಲಿ ಒಂದು ದಿನ ಇದ್ದೆವು. ಮರುದಿನ ಮಗಳಿಗೆ ಬಾದಾಮಿ ತೋರಿಸಿ, ಬನಶಂಕರಿಗೆ ಹೋದೆವು. ಜಾತ್ರೆಯ ದಿನಗಳು ಹತ್ತಿರ ಬಂದಿದ್ದವು, ನಾಟಕದ ಕಂಪನಿಗಳು ಟೆಂಟು ಹಾಕುತ್ತಿದ್ದವು. ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂರುವ ಹೆಣ್ಣುಮಕ್ಕಳ ಹತ್ತಿರ ಜೋಳದ ರೊಟ್ಟಿ, ಕಾಳು ಪಲ್ಯ, ಕೆಂಪು ಚಟ್ನಿ, ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಕೆನೆಮೊಸರು. ಮಗಳು ರೊಟ್ಟಿ ಮುಟ್ಟಲಿಲ್ಲ, ಕೆನೆಮೊಸರು ಎರಡು ಕುಡಿಕೆ ಖಾಲಿ ಮಾಡಿದಳು. ಇಳಕಲ್ಲ ಸೀರೆ ಉಟ್ಟ ಅಜ್ಜಿಯೊಬ್ಬಳು ಅವಳ ಗಲ್ಲ ಸವರಿ, "ತಿನ್ನವಾ ತಂಗಿ, ಬೆಂಗಳೂರಾಗ ಇಂಥಾ ಮೊಸರು ಎಲ್ಲಿ ಸಿಗ್ತೈತಿ?" ಅಂದಳು.

ಅಜ್ಜಿಯ ಮಾತು ನನಗೆ ಹಿಡಿಸಿತು. ಇದೇ, ನಾನು ಹುಡುಕುತ್ತಿರೋದು ಇದೇ ಅಂದುಕೊಂಡೆ. "ಯವ್ವಾ, ಇದನ್ನ ಹಸೀ ಹಾಲಿಗೇ ಹೆಪ್ಪು ಹಾಕ್ತೀರೇನು?" ಅಂತ ಕೇಳಿದೆ.

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹಸೀ ಹಾಲಿಗೆ ಕೆನಿ ಎಲ್ಲಿಂದ ಬರ್ತೈತೋ ತಮ್ಮಾ?"

ಪಕ್ಕದಲ್ಲಿದ್ದ ನನ್ನ ಹೆಂಡತಿ ನಗು ತಡೆಯಲು ಬನಶಂಕರಿಯ ಹೊಂಡದ ಕಡೆ ಮುಖ ತಿರುಗಿಸಿದಳು.

*

ಊರಿಗೆ ಬಂದ ಮರುದಿನ ಬೆಳಿಗ್ಗೆ ಐದೂವರೆಗೇ ಎದ್ದೆ. ವೈನಿ ಎಮ್ಮೆ ಹಿಂಡುತ್ತಿದ್ದರು. ಬಕೆಟ್ಟಿನಲ್ಲಿ ನೊರೆ ಏರುತ್ತಿತ್ತು. ಆ ಸಪ್ಪಳ, ಆ ಬಿಸಿ ವಾಸನೆ, ಎಮ್ಮೆ ಹೊಟ್ಟು ಮೆಲ್ಲುವುದು, ಎಲ್ಲ ನಾನು ಬಿಟ್ಟುಹೋದಾಗ ಇದ್ದ ಹಾಗೇ ಇತ್ತು. ನಿದ್ದೆಗಣ್ಣಿನ ಮಗಳನ್ನು ಎತ್ತಿಕೊಂಡು, ಕೈಯಲ್ಲಿ ಸ್ಟೀಲಿನ ಲೋಟ ಹಿಡಿದು ನಿಂತೆ.

"ವೈನೀ, ಇದರಾಗ ಒಂದೀಟ ಹಾಕ್ರಿ. ಹಿಂಗ ಬಿಸೀದ, ನೊರಿ ಸಮೇತ."

ವೈನಿ ಏನೂ ಅನ್ನದೆ ಲೋಟ ಇಸಿದುಕೊಂಡರು. ಅಷ್ಟರಲ್ಲಿ ಹಿಂದಿನಿಂದ ಅಣ್ಣನ ದನಿ ಬಂತು.

"ಯಾರಿಗಿ ಅದು?"

ಅಣ್ಣ ಅಂದರೆ ನಮ್ಮ ಕಾಕಾನ ಮಗ. ನನಗಿಂತ ಒಂಬತ್ತು ವರ್ಷ ದೊಡ್ಡವನು. ಮಾತು ಕಡಿಮೆ. ಎಡಗಾಲು ಸ್ವಲ್ಪ ಎಳೆದು ನಡೆಯುತ್ತಾನೆ, ನಾನು ಕಂಡಾಗಿನಿಂದ ಹಾಗೇ. ಅವನು ಬಂದವನೇ ವೈನಿ ಕೈಯಿಂದ ಲೋಟ ತೆಗೆದುಕೊಂಡು ಹಾಲನ್ನು ಮತ್ತೆ ಬಕೆಟ್ಟಿಗೆ ಸುರಿದ. ನನ್ನ ಕಡೆ ನೋಡಲೂ ಇಲ್ಲ.

"ಕೂಸಿಗೆ ಹಸೀ ಹಾಲ ಕುಡಸ್ತಿಯೇನು? ಓದಿದ ಮನಷಾ ಅದೀಯೋ ಇಲ್ಲೋ?"

ನಾನು ಲ್ಯಾನ್ಸೆಟ್ಟು, ಸ್ವಿಟ್ಜರ್‌ಲ್ಯಾಂಡು ಅಂತ ಶುರು ಮಾಡಿದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಕೊಟ್ಟಿಗೆಯ ಕಟ್ಟೆಯ ಮೇಲೆ ಎಡಗಾಲು ಚಾಚಿ ಕೂತು, "ಈ ಕಾಲ ಯಾಕ ಹಿಂಗ ಆತು ಗೊತ್ತೈತೇನು ನಿನಗ?" ಅಂದ.

ನನಗೆ ಗೊತ್ತಿದ್ದದ್ದು, ಸಣ್ಣವನಿದ್ದಾಗ ಅವನಿಗೆ ದೊಡ್ಡ ಜ್ವರ ಬಂದಿತ್ತು ಅಂತ ಮಾತ್ರ. ನಮ್ಮ ಮನೆಯಲ್ಲಿ ಅದಕ್ಕೆ 'ಅಣ್ಣನ ಜ್ವರ' ಅಂತಲೇ ಹೆಸರು. ಅವನು ಹೇಳಿದ್ದು ಇಷ್ಟು. ಹನ್ನೊಂದು ವರ್ಷದವನಿದ್ದಾಗ ಬೇಸಿಗೆ ರಜೆಯಲ್ಲಿ ಊರ ಹೊರಗೆ ಕುರಿ ಹಟ್ಟಿ ಹಾಕಿದವರ ಹುಡುಗರ ಜೊತೆ ದಿನವಿಡೀ ತಿರುಗುತ್ತಿದ್ದ. ಹಸಿವಾದಾಗ ಆಡು ಹಿಡಿದು ಸೀದಾ ಬಾಯಿಗೇ ಹಾಲು ಹಿಂಡಿಕೊಳ್ಳೋದು. ಮಜಾ. ಮಳೆಗಾಲ ಶುರುವಾದಾಗ ಜ್ವರ ಬಂತು. ಸಂಜೆ ಏರೋದು, ಬೆವರೋದು, ಬೆಳಿಗ್ಗೆ ಇಳಿಯೋದು. ಎಂಟು ದಿನ ಬಂದು, ನಾಲ್ಕು ದಿನ ಬಿಟ್ಟು, ಮತ್ತೆ ಬರೋದು. ಟೈಫಾಯ್ಡ್ ಅಂತ ಮೂರು ಸಲ ಔಷಧಿ ಆಯಿತು. ಮಲೇರಿಯಾ ಅಂತ ಒಂದು ಸಲ. ದೇವರು ಮುನಿದಿದೆ ಅಂತ ಹರಕೆಯೂ ಆಯಿತು. ಅಷ್ಟರಲ್ಲಿ ಸೊಂಟದ ಕೀಲು ಹಿಡಿದು ಹುಡುಗ ಏಳದಂತಾದ. ಕಡೆಗೆ ಕಾಕಾ ಅವನನ್ನು ಹೊತ್ತುಕೊಂಡು ಬಿಜಾಪುರಕ್ಕೆ ಹೋದರು. ಅಲ್ಲಿನ ಡಾಕ್ಟರೊಬ್ಬರು ಮೊದಲು ಕೇಳಿದ ಪ್ರಶ್ನೆ, "ಮನ್ಯಾಗ ಆಡು ಅದಾವೇನು? ಹಾಲು ಹಸೀದ ಕುಡೀತಾನೇನು?"

ರಕ್ತ ಪರೀಕ್ಷೆಯಲ್ಲಿ ಬಂದ ಹೆಸರು ಬ್ರುಸೆಲ್ಲಾ. ಎರಡು ಬಗೆಯ ಆಂಟಿಬಯಾಟಿಕ್, ವಾರಗಟ್ಟಲೆ. ಜ್ವರ ಹೋಯಿತು. ಕೀಲು ಪೂರ್ತಿ ಸರಿಯಾಗಲಿಲ್ಲ. ಆ ವರ್ಷ ಶಾಲೆ ತಪ್ಪಿದ್ದು ತಪ್ಪಿಯೇ ಹೋಯಿತು. ಅವನು ಮತ್ತೆ ಶಾಲೆಗೆ ಹೋಗಲಿಲ್ಲ.

"ನೀ ಬೆಂಗಳೂರಾಗ ಅದೀ, ನಾ ಇಲ್ಲಿ ಎಮ್ಮಿ ಕಾಯಾಕತ್ತೀನಿ. ಅದು ಇರಲಿ, ನನಗೇನ ಬ್ಯಾಸರಿಲ್ಲ" ಅಂದ ಅಣ್ಣ. "ಆದ್ರ ಈ ಕೂಸಿಗೆ ಹಸೀ ಹಾಲ ನನ್ನ ಕಣ್ಣ ಮುಂದ ಬ್ಯಾಡ."

ಆಮೇಲೆ ನಾನು ಅದರ ಬಗ್ಗೆಯೂ ಓದಿದೆ. ಯುರೋಪಿನ ಸಂಶೋಧನೆಯನ್ನು ಅಷ್ಟು ಆಸೆಯಿಂದ ಹುಡುಕಿದವನಿಗೆ ನಮ್ಮ ಪಕ್ಕದ ಜಿಲ್ಲೆಯದ್ದು ಕಣ್ಣಿಗೆ ಬಿದ್ದಿರಲಿಲ್ಲ ಅನ್ನೋದು ನಾಚಿಕೆಯ ಸಂಗತಿ. 1997ರವರೆಗೆ ನಾವೂ ಬಿಜಾಪುರ ಜಿಲ್ಲೆಯವರೇ. ಅದೇ ಬಿಜಾಪುರದ ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೋಬಯಾಲಜಿಸ್ಟ್ ಆಗಿದ್ದ ಡಾ. ಬಿ. ಜಿ. ಮಂಟೂರ ಮತ್ತು ಸಂಗಡಿಗರು ಮಕ್ಕಳ ಬ್ರುಸೆಲ್ಲೋಸಿಸ್ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿ, 2004ರಲ್ಲಿ ಪ್ರಕಟಿಸಿದ್ದಾರೆ. 5,726 ಮಕ್ಕಳ ರಕ್ತ ಪರೀಕ್ಷಿಸಿ, ಅದರಲ್ಲಿ 93 ಮಕ್ಕಳಿಗೆ ಈ ರೋಗ ಇದ್ದದ್ದನ್ನು ಕಂಡುಹಿಡಿದರು. ಹಸಿ ಆಡಿನ ಹಾಲು ಮತ್ತು ಪ್ರಾಣಿಗಳ ಒಡನಾಟ ಮುಖ್ಯ ಕಾರಣಗಳು. ಅಂದರೆ ನಮ್ಮ ಅಣ್ಣನಂಥ ಹುಡುಗರು.

ಈ ರೋಗದ ಇತಿಹಾಸವೇ ಹಾಲಿನ ಇತಿಹಾಸ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನ್ಯದ ವೈದ್ಯ ಡೇವಿಡ್ ಬ್ರೂಸ್ ಈ ರೋಗಾಣುವನ್ನು ಗುರುತಿಸಿದ, ಅದಕ್ಕೇ ಬ್ರುಸೆಲ್ಲಾ ಅಂತ ಹೆಸರು. ಅದು ಬರುವುದು ಎಲ್ಲಿಂದ ಅಂತ ಗೊತ್ತಾಗಲು ಮತ್ತೆ 18 ವರ್ಷ ಬೇಕಾಯಿತು. 1905ರಲ್ಲಿ ಮಾಲ್ಟಾದವನೇ ಆದ ಥೆಮಿಸ್ಟೋಕ್ಲಿಸ್ ಝಮ್ಮಿಟ್, ನೋಡಲು ಗಟ್ಟಿಮುಟ್ಟಾಗಿರುವ ಆಡುಗಳಲ್ಲೇ ಅದು ಇದೆ ಅಂತ ತೋರಿಸಿದ. ಮರುವರ್ಷ ಸೈನಿಕರಿಗೆ ಆಡಿನ ಹಾಲು ನಿಲ್ಲಿಸಿದರು, ಸೈನ್ಯದಲ್ಲಿ ಜ್ವರ ಗಣನೀಯವಾಗಿ ಇಳಿಯಿತು. ನಮ್ಮ ಕಡೆ ದನ ತಿಂಗಳು ತುಂಬುವ ಮುಂಚೆ ಕಂದು ಹಾಕಿದರೆ ಅನುಮಾನ ಪಡಬೇಕಾದ ರೋಗಗಳಲ್ಲಿ ಇದೂ ಒಂದು. ಆದರೆ ಹಾಲಿನ ಬಣ್ಣ, ರುಚಿ, ವಾಸನೆ ಯಾವುದರಲ್ಲೂ ಗೊತ್ತಾಗೋದಿಲ್ಲ. ಕಾಯಿಸಿದರೆ ಮಾತ್ರ ಸಾಯುತ್ತದೆ. 2019ರಿಂದ ಕೇಂದ್ರ ಸರ್ಕಾರದ ಯೋಜನೆಯಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಇದರ ಲಸಿಕೆ ಹಾಕುತ್ತಿದ್ದಾರೆ.

*

ಅವತ್ತು ಮಧ್ಯಾಹ್ನ ಆಯಿಯ ಹತ್ತಿರ ಕೂತೆ. ಆಯಿಗೆ ಎಂಬತ್ತಾರು. ಕಣ್ಣು ಮಂಜು, ನಾಲಗೆ ಹರಿತ. "ಆಯಿ, ನಾವೆಲ್ಲ ಸಣ್ಣವರಿದ್ದಾಗ ಹಸೀ ಹಾಲ ಕುಡೀತಿದ್ದಿಲ್ಲೇನು?"

"ಯಾರ ಹೇಳ್ಯಾರ ನಿನಗ?"

"ನೆನಪೈತಿ ನನಗ."

"ಏನ ನೆನಪೋ ನಿನಗ! ಮುಂಜಾನಿ ಹಿಂಡಿದ ಹಾಲು ಗಡಿಗ್ಯಾಗ ಹಾಕಿ ಕುಳ್ಳಿನ ಕೆಂಡದ ಮ್ಯಾಲ ಇಟ್ರ, ಸಂಜೀತನಕ ಕಾಯ್ತಿತ್ತು. ಕೆಂಪಗ ಕೆನಿ ಬರ್ತಿತ್ತು. ಆ ಕೆನಿ ಕದ್ದು ತಿಂದು ನನ್ನ ಕಡೆ ಏಟ ತಿಂದಾವ ನೀನು. ಹಸೀ ಹಾಲ ಕುಡೀತಿದ್ದವರು ಗರಡೀಮನಿ ಪೈಲವಾನ್ರು. ನಿಮ್ಮ ಮುತ್ಯಾ ಒಬ್ಬ ಕುಡೀತಿದ್ದ, ಬ್ಯಾಡಂದ್ರೂ ಕೇಳ್ತಿದ್ದಿಲ್ಲ."

ನಾನು ಸುಮ್ಮನಾದೆ. ನೊರೆಹಾಲಿನ ನನ್ನ ನೆನಪು ಮುತ್ಯಾನ ನೆನಪು, ಅವನ ಮೀಸೆಗೆ ಅಂಟಿದ ನೊರೆಯ ನೆನಪು. ನಾನು ಕುಡಿದೇ ಇರಲಿಲ್ಲ. ಏಳನೇ ಮಹಡಿಯಲ್ಲಿ ಕೂತು ನಾನು ಕಟ್ಟಿಕೊಂಡ ಹಳ್ಳಿಯಲ್ಲಿ ಎಲ್ಲರೂ ಹಸಿ ಹಾಲು ಕುಡಿದು ಗಟ್ಟಿಯಾಗಿದ್ದರು. ನಿಜವಾದ ಹಳ್ಳಿಯಲ್ಲಿ ಆಯಿ ದಿನವಿಡೀ ಹಾಲು ಕಾಯಿಸುತ್ತಿದ್ದಳು.

ಇಲ್ಲಿಗೇ ಮುಗಿದಿದ್ದರೆ ಇದು ನಗುವ ಕತೆಯಾಗುತ್ತಿತ್ತು.

ಅದಾದ ಎರಡನೇ ದಿನ ಹೊಲದಲ್ಲಿ ತೊಗರಿ ರಾಶಿ. ಮಷಿನ್ ಹಚ್ಚಿದ್ದರು. ಹೊಟ್ಟು ಹಾರಿ ಇಡೀ ಕಣ ಮಂಜು ಕವಿದ ಹಾಗೆ. ಮಗಳು ಊರ ಮಕ್ಕಳ ಜೊತೆ ಹೊಟ್ಟಿನ ಗುಡ್ಡೆಯ ಮೇಲೆ ಜಾರುಬಂಡೆ ಆಡಿದಳು. ನಾನು ವಿಡಿಯೋ ಮಾಡಿದೆ. ಸಂಜೆ ಬಚ್ಚಲಿನ ಒಲೆಗೆ ಕುಳ್ಳು ಒಟ್ಟಿ ನೀರು ಕಾಯಿಸಿದರು, ಮನೆ ತುಂಬ ಹೊಗೆ. ರಾತ್ರಿ ಒಂದು ಗಂಟೆಗೆ ಹೆಂಡತಿ ನನ್ನನ್ನು ಎಬ್ಬಿಸಿದಳು.

ಮಗಳು ಎದ್ದು ಕೂತಿದ್ದಳು. ಎರಡು ಪಕ್ಕೆಲುಬುಗಳ ನಡುವೆ ಚರ್ಮ ಒಳಗೆ ಎಳೆಯುತ್ತಿತ್ತು. ಎದೆಯಿಂದ ಸಿಳ್ಳೆಯ ಸದ್ದು. ನೀಲಿ ಪಂಪ್ ಹಾಕಿದೆವು. ನಾಲ್ಕು ಸಲ, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ನಾಲ್ಕು ಸಲ. ಸ್ವಲ್ಪ ಇಳಿದಂತಾಗಿ ಮತ್ತೆ ಏರಿತು. ಅವಳು ಮಾತಾಡಲಿಲ್ಲ. ನೀರು ಬೇಕಾ ಅಂದರೆ ತಲೆ ಮಾತ್ರ ಅಲ್ಲಾಡಿಸಿದಳು. ಒಂದು ವಾಕ್ಯ ಹೇಳುವಷ್ಟೂ ಉಸಿರಿರಲಿಲ್ಲ.

ಅಣ್ಣ ಜೀಪು ತೆಗೆದ. ಹತ್ತಿರದ್ದು ಇಳಕಲ್ಲ. ಹೈವೇಯಲ್ಲಿ ಗ್ರಾನೈಟಿನ ದೊಡ್ಡ ದೊಡ್ಡ ಕಲ್ಲು ಹೇರಿದ ಲಾರಿಗಳು. ಒಂದೊಂದನ್ನು ದಾಟುವಾಗಲೂ ಅಣ್ಣ 'ಮಲ್ಲಯ್ಯಾ, ಮಲ್ಲಯ್ಯಾ' ಅನ್ನುತ್ತಿದ್ದ. ಹಿಂದಿನ ಸೀಟಿನಲ್ಲಿ ಹೆಂಡತಿ ಮಗಳನ್ನು ಎದೆಗೆ ಒರಗಿಸಿಕೊಂಡು ಅವಳ ಉಸಿರು ಎಣಿಸುತ್ತಿದ್ದಳು. ನಾನು ಮುಂದೆ ಕೂತಿದ್ದೆ. ನನ್ನ ಹೊಟ್ಟೆಯಲ್ಲಿ ಒಂದೇ ಒಂದು ಮಾತು ತಿರುಗುತ್ತಿತ್ತು, ಅದನ್ನು ಬಾಯಿಬಿಡುವ ಧೈರ್ಯ ಇರಲಿಲ್ಲ.

ಆಸ್ಪತ್ರೆಯಲ್ಲಿ ಇದ್ದದ್ದು ವಯಸ್ಸಿನಲ್ಲಿ ನನಗಿಂತ ಚಿಕ್ಕ ಡಾಕ್ಟರಮ್ಮ. ನೆಬ್ಯುಲೈಸರ್ ಹಚ್ಚಿದರು, ಆಕ್ಸಿಜನ್ ಹಚ್ಚಿದರು, ಸಿರಪ್ ಕುಡಿಸಿದರು. ಎರಡು ತಾಸಿನ ಮೇಲೆ ಮಗಳು, "ಅಪ್ಪಾ, ಗೊಂಬೆ ಮರೆತು ಬಂದ್ವಿ" ಅಂದಳು. ಅಷ್ಟು ಉದ್ದದ ವಾಕ್ಯ ಕೇಳಿ ನಾನು ಹೊರಗೆ ಹೋಗಿ ಅತ್ತೆ.

ಒಳಗೆ ಬಂದಾಗ ಡಾಕ್ಟರಮ್ಮ ಬರೆದುಕೊಳ್ಳುತ್ತಿದ್ದರು. "ದಿನಾ ಹಾಕೋ ಪಂಪ್ ಯಾವುದ್ರೀ? ಯಾವಾಗಿಂದ ನಿಲ್ಲಿಸೀರಿ?"

"ನಿಲ್ಲಿಸಿಲ್ಲ ಡಾಕ್ಟ್ರೇ, ದಿನಾ ಹಾಕ್ತಿದೀವಿ" ಅಂದಳು ನನ್ನ ಹೆಂಡತಿ.

ನಾನು ನೆಲ ನೋಡಿದೆ. ಡಾಕ್ಟರಮ್ಮ ನನ್ನ ಕಡೆ ನೋಡಿದರು. ಆಮೇಲೆ ಹೆಂಡತಿಯೂ ನನ್ನ ಕಡೆ ನೋಡಿದಳು. ಆ ನೋಟದ ಬಗ್ಗೆ ನಾನು ಏನೂ ಬರೆಯಲಾರೆ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. "ಭಾಳ ಮಂದಿ ಹಿಂಗ ಮಾಡ್ತಾರ್ರಿ. ಕೂಸು ಆರಾಮ ಐತಿ ಅಂತ ಪಂಪ್ ಬಿಡ್ತಾರ. ಅದು ಆರಾಮ ಇರೋದೇ ಪಂಪಿನಿಂದ ಅಂತ ತಿಳಿಯೂದಿಲ್ಲ. ರೂಢಿ ಗೀಢಿ ಏನೂ ಆಗೂದಿಲ್ಲ. ನಮ್ಮಲ್ಲಿ ಕಲ್ಲಿನ ಧೂಳು, ರಾಶಿ ಧೂಳು, ಒಲಿ ಹೊಗಿ, ಎಲ್ಲಾ ಐತಿ. ಹಳ್ಳೀ ಹವಾ ಛಲೋ ಅಂತ ಬೆಂಗಳೂರಿನವ್ರು ಪಂಪ್ ಬಿಟ್ಟು ಬರ್ತಾರ" ಅಂದರು.

*

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಆ ಎರಡೂ ಸಂಶೋಧನೆಗಳನ್ನು ಮತ್ತೆ ಓದಿದೆ. ಈ ಸಲ ನಿಧಾನವಾಗಿ, ಎಲ್ಲ ಸಾಲುಗಳನ್ನೂ. ಲ್ಯಾನ್ಸೆಟ್‌ನ ಆ 1 ಮತ್ತು 11 ಅಂಕಿಗಳಿವೆಯಲ್ಲ, ಅವು ಹಾಲು ಕುಡಿದವರು ಮತ್ತು ಕುಡಿಯದವರ ಅಂಕಿಗಳಲ್ಲ. ಎರಡೂ ಗುಂಪಿನವರು ಕುಡಿದವರೇ, ಕೊಟ್ಟಿಗೆಯಲ್ಲಿ ಆಡಿದವರೇ. ಹುಟ್ಟಿದ ಮೊದಲ ವರ್ಷದೊಳಗೇ ಶುರುವಾದವರಲ್ಲಿ 1. ಒಂದರಿಂದ ಐದು ವರ್ಷದ ನಡುವೆ ಶುರುವಾದವರಲ್ಲಿ 11. ನನ್ನ ಮಗಳಿಗೆ ನಾಲ್ಕು ವರ್ಷ. ನಾನು ಲೋಟ ಹಿಡಿದು ನಿಂತ ಹೊತ್ತಿಗೆ, ಆ ಲೇಖನದ ಪ್ರಕಾರವೇ, ಅವಳು 11ರ ಗುಂಪು. ನನಗೆ ಬೇಕಾದ ಅಂಕಿಯನ್ನು ಮಾತ್ರ ನೋಡಿದ್ದೆ, ಅದರ ಪಕ್ಕದಲ್ಲಿ ಬರೆದದ್ದನ್ನು ಓದಿರಲಿಲ್ಲ. ಹಾಗಂತ ಮೊದಲ ವರ್ಷದಲ್ಲೇ ಕುಡಿಸಿಬಿಡೋಣ ಅನ್ನಬೇಡಿ. ವರ್ಷ ತುಂಬುವವರೆಗೆ ದನದ ಹಾಲನ್ನು ಕುಡಿಯುವ ಹಾಲಾಗಿ ಕೊಡಬೇಡಿ ಅಂತ ಮಕ್ಕಳ ವೈದ್ಯರು ಹೇಳುತ್ತಾರೆ, ಅದರಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ.

ಎರಡನೆಯದು, ಇಂಥ ಅಧ್ಯಯನಗಳು ಯಾರಿಗೂ ಔಷಧಿಯ ಹಾಗೆ ಹಾಲು ಕೊಟ್ಟು ನೋಡಿದವಲ್ಲ. ಮೊದಲೇ ಕುಡಿಯುತ್ತಿದ್ದವರನ್ನು ನೋಡಿ ಲೆಕ್ಕ ಹಾಕಿದವು. ಅಸ್ತಮಾ ಬರದಂತೆ ತಡೆಯಬಹುದೇನೋ ಅನ್ನುವ ಮಾತು ಅದು. ಬಂದದ್ದನ್ನು ಹಾಲು ಗುಣಪಡಿಸುತ್ತದೆ ಅಂತ ಅಲ್ಲಿ ಎಲ್ಲೂ ಇಲ್ಲ.

ಮೂರನೆಯದು, ಆ ದೇಶಗಳು ದನಗಳ ಕ್ಷಯ ಮತ್ತು ಬ್ರುಸೆಲ್ಲಾವನ್ನು ದಶಕಗಳ ಹಿಂದೆಯೇ ಹೆಚ್ಚೂಕಡಿಮೆ ತೊಡೆದುಹಾಕಿವೆ. ಹಾಗಿದ್ದೂ ಜರ್ಮನಿಯಲ್ಲಿ ರೈತ ತನ್ನ ಕೊಟ್ಟಿಗೆಯಿಂದಲೇ ಹಸಿ ಹಾಲು ಮಾರುವಾಗ 'ಕುಡಿಯುವ ಮುಂಚೆ ಕಾಯಿಸಿ' ಅಂತ ಬೋರ್ಡು ಹಾಕಲೇಬೇಕು, ಅಲ್ಲಿ ಅದು ಕಾನೂನು. ಯಾಕೆಂದರೆ ಆರೋಗ್ಯವಾಗಿರುವ ದನದ ಸಗಣಿಯಲ್ಲೂ ಮಕ್ಕಳ ಕಿಡ್ನಿ ಹಾಳುಮಾಡುವ ಬಗೆಯ ಈ-ಕೋಲೈ ಇರಬಹುದು. ನಮ್ಮ ಗ್ರೂಪಿಗೆ ಬಂದ ಜಾಹೀರಾತಿನಲ್ಲಿ ಈ ಬೋರ್ಡಿನ ಸುದ್ದಿ ಇರಲಿಲ್ಲ.

ಗೇಬ್ರಿಯೆಲಾದಲ್ಲಿ ನನಗೆ ಬಹಳ ಹಿಡಿಸಿದ್ದು ಇನ್ನೊಂದು ಸಂಗತಿ. ಹಾಲಿನಲ್ಲಿದ್ದ ಒಟ್ಟು ಬ್ಯಾಕ್ಟೀರಿಯಾದ ಪ್ರಮಾಣಕ್ಕೂ ಅಸ್ತಮಾ ಕಡಿಮೆಯಾಗುವುದಕ್ಕೂ ಸಂಬಂಧ ಕಾಣಲಿಲ್ಲ. ಸಂಬಂಧ ಕಂಡದ್ದು ಹಾಲೊಡೆದಾಗ ಉಳಿಯುವ ತಿಳಿನೀರಿನಲ್ಲಿರುವ ಪ್ರೋಟೀನುಗಳಿಗೆ. ಬಹಳ ಕಾಯಿಸಿದರೆ ಇವು ತಮ್ಮ ರೂಪ ಕಳೆದುಕೊಳ್ಳುತ್ತವೆ. ಅಂದರೆ ಕೊಳಕಿನಲ್ಲಿ ಮಹಿಮೆ ಇಲ್ಲ. ರೋಗಾಣು ಕೊಂದು, ಪ್ರೋಟೀನು ಉಳಿಯುವಷ್ಟು ಮಾತ್ರ ಹದವಾಗಿ ಸಂಸ್ಕರಿಸಿದ ಹಾಲನ್ನು ಮಕ್ಕಳಿಗೆ ಕೊಟ್ಟು ನೋಡುವ ಪ್ರಯೋಗವನ್ನು ಜರ್ಮನಿಯಲ್ಲಿ ಕೈಗೆತ್ತಿಕೊಂಡದ್ದು ಇದೇ ಕಾರಣಕ್ಕೆ. ಮುಂದೆ ಯಾವತ್ತೋ ಅಂಥದೊಂದು ಪ್ಯಾಕೆಟ್ ನಮ್ಮ ಅಂಗಡಿಗೂ ಬರಬಹುದು. ಬಂದರೆ ಸಂತೋಷ. ಅಲ್ಲಿವರೆಗೆ ಆ ಕೆಲಸವನ್ನು ನಾನು ಸ್ಟೀಲಿನ ಲೋಟದಲ್ಲಿ ಮಾಡಲಾರೆ.

ಹಾಗಾದರೆ ನಮ್ಮ ಹಳ್ಳಿಯ ಬಾಲ್ಯದ ಬಗ್ಗೆ ನನಗಿದ್ದ ನಂಬಿಕೆ ಪೂರ್ತಿ ಸುಳ್ಳಾ? ಅದೂ ಅಲ್ಲ. ಅಮೆರಿಕದಲ್ಲಿ ಆಮಿಶ್ ಮತ್ತು ಹಟರೈಟ್ ಅನ್ನುವ ಎರಡು ಕೃಷಿಕ ಸಮುದಾಯಗಳಿವೆ. ಮೂಲ, ಆಹಾರ, ಜೀವನಕ್ರಮ ಬಹುತೇಕ ಒಂದೇ ಥರ. ಆಮಿಶರದ್ದು ಕುದುರೆ ಹೂಡುವ ಹಳೆಯ ಬೇಸಾಯ, ಕೊಟ್ಟಿಗೆ ಮನೆಗೆ ಅಂಟಿದ ಹಾಗೆ. ಹಟರೈಟರದ್ದು ಯಂತ್ರಗಳ ದೊಡ್ಡ ಬೇಸಾಯ, ದನಗಳು ಮನೆಯಿಂದ ದೂರ. 2016ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಈ ಎರಡರ ಮಕ್ಕಳ ಅಸ್ತಮಾ ಅಂಕಿ ಕೊಟ್ಟಿದ್ದಾರೆ. ಆಮಿಶರಲ್ಲಿ 100ಕ್ಕೆ ಸುಮಾರು 5, ಹಟರೈಟರಲ್ಲಿ 21. ಆಮಿಶ್ ಮನೆಗಳ ಧೂಳಿನಲ್ಲಿ ಬ್ಯಾಕ್ಟೀರಿಯಾದ ಕುರುಹು ಆರೇಳು ಪಟ್ಟು ಹೆಚ್ಚು. ತಲೆಬಾಗಿಲಲ್ಲೇ ದನ ಕಟ್ಟುತ್ತಿದ್ದ ನಮ್ಮ ಮನೆ ಆಮಿಶರ ಮನೆಯೇ ಸರಿ. ಅಂಥ ಧೂಳು ನನ್ನ ಎದೆಯನ್ನು ಪಳಗಿಸಿದ್ದರೂ ಪಳಗಿಸಿರಬಹುದು. ಆದರೆ ಅದು ಹುಟ್ಟಿದಾಗಿನಿಂದ, ಬಹುಶಃ ಅವ್ವನ ಹೊಟ್ಟೆಯಲ್ಲಿದ್ದಾಗಿನಿಂದ, ದಿನಾ ಸಿಕ್ಕದ್ದು. ಹತ್ತು ದಿನದ ರಜೆಯಲ್ಲಿ ಒಟ್ಟಿಗೆ ಕೊಟ್ಟುಬಿಡುವ ವಸ್ತು ಅಲ್ಲ.

ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ 20,000 ಮಕ್ಕಳ ಲೆಕ್ಕ ಇಟ್ಟು, ಅಸ್ತಮಾ 1979ರಲ್ಲಿ 9 ಪ್ರತಿಶತ ಇದ್ದದ್ದು 1999ರ ಹೊತ್ತಿಗೆ 29.5 ಪ್ರತಿಶತ ಆಯಿತೆಂದು ತೋರಿಸಿದ್ದರು. ಆಸ್ಪತ್ರೆಗೆ ಬಂದವರ ಲೆಕ್ಕ ಅದು, ಊರಿನದ್ದಲ್ಲ. ಆದರೂ ಆ 20 ವರ್ಷಗಳಲ್ಲಿ ನಗರ ಎಷ್ಟು ಬದಲಾಯಿತು ಅಂತ ನೆನೆದರೆ, ಕಾರಣ ಒಂದು ಲೋಟ ಹಾಲಿನಲ್ಲಿ ಇಲ್ಲ ಅನಿಸುತ್ತೆ. ವಾಹನಗಳ ಹೊಗೆ, ಕಟ್ಟಡದ ಧೂಳು, ಮುಚ್ಚಿದ ಕಿಟಕಿ. ಇವುಗಳ ಜೊತೆ ಜಗಳ ಆಡೋದು ಕಷ್ಟ. ಲೋಟ ಹಿಡಿದು ನಿಲ್ಲೋದು ಸುಲಭ. ನಾನು ಸುಲಭದ್ದನ್ನು ಆರಿಸಿಕೊಂಡಿದ್ದೆ.

ಹೆಂಡತಿ ಹದಿನೈದು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಪಂಪಿನ ಎರಡೂ ಪಾಳಿ ತಾನೇ ತಗೊಂಡಳು. ಒಂದು ರಾತ್ರಿ ಸ್ಪೇಸರ್ ನನ್ನ ಕೈಗೆ ಕೊಟ್ಟು, "ಹತ್ತು ಎಣಿಸು, ನಾನು ಕೇಳಿಸ್ಕೋತಿರ್ತೀನಿ" ಅಂದಳು. ಅವತ್ತಿನಿಂದ ರಾತ್ರಿಯ ಪಾಳಿ ಮತ್ತೆ ನನ್ನದು. ಈಗಲೂ ಅಡುಗೆಮನೆಯಿಂದ ಅವಳು ಕೇಳಿಸಿಕೊಳ್ಳುತ್ತಾಳೆ. ಕೇಳಿಸಿಕೊಳ್ಳಲಿ.

ಯುಗಾದಿಗೆ ಅಣ್ಣ ಬೆಂಗಳೂರಿಗೆ ಬಂದಿದ್ದ, ಕಾಲು ತೋರಿಸಲು. ನಾನೇ ಒತ್ತಾಯ ಮಾಡಿ ಕರೆಸಿದ್ದೆ. ಬರುವಾಗ ಅಮೀನಗಡದ ಕರದಂಟು, ಒಂದು ಸ್ಟೀಲ್ ಡಬ್ಬಿಯಲ್ಲಿ ಕೆನೆ ತಂದಿದ್ದ. ವೈನಿ ಮೂರು ದಿನ ಸಣ್ಣ ಉರಿಯಲ್ಲಿ ಕಾಯಿಸಿ ಕಾಯಿಸಿ ಕೂಡಿಟ್ಟದ್ದು. ಮಗಳು ಅದಕ್ಕೆ ಸಕ್ಕರೆ ಹಾಕಿಕೊಂಡು ತಿಂದು, ಮೇಲ್ದುಟಿಗೆ ಹತ್ತಿಸಿಕೊಂಡು ಬಂದು ನಿಂತಳು. ಅಣ್ಣ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಎಡತೊಡೆಯಲ್ಲ, ಬಲತೊಡೆ.

"ದೊಡ್ಡಪ್ಪಾ, ನಿಂಗೂ ಪಂಪ್ ಹಾಕ್ಲಾ?" ಅಂದಳು.

"ಹಾಕವಾ" ಅಂದ ಅಣ್ಣ, ಮಾಸ್ಕ್‌ಗೆ ಮುಖ ಒಡ್ಡಿ. ಅವಳು ಹತ್ತರವರೆಗೆ ಎಣಿಸಿದಳು.